ಅನಾನಸಿನ ಆರು ಡೋಸು

ಅದು ಶುರುವಾದದ್ದು ಬೇಸಿಗೆಯ ಕೊನೆಯ ವಾರ, ಮಂಗಳವಾರ, ಮಧ್ಯಾಹ್ನ ಮೂರೂವರೆಗೆ. ಬೆಳಗಿನಿಂದ ಕುಡಿದಿದ್ದ ಬಿಸಿಯನ್ನು ಗೋಡೆಗಳು ಮನೆಯೊಳಕ್ಕೆ ಬಿಡಲು ತೊಡಗುವ ಹೊತ್ತು. ಕಾಂಪೌಂಡರ್ ಬನಿಯನ್ನಿನಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಡಾಕ್ಟರ ಮಗಳು ಫೋನು ಮಾಡಿ, "ಅಂಕಲ್, ಅಪ್ಪ ನಿಮ್ಮನ್ನ ಈಗಲೇ ಬರೋಕೆ ಹೇಳ್ತಿದಾರೆ" ಅಂದಾಗ ಒಂದು ಕಾಲು ಮಾತ್ರ ಮುಗಿದಿತ್ತು. ಇನ್ನೊಂದನ್ನು ಹಾಗೇ ಬಿಟ್ಟು ಅಂಗಿ ತೊಟ್ಟು ಹೊರಟ. ದವಾಖಾನೆ ಮುಚ್ಚಿ ಒಂಬತ್ತು ವರ್ಷವಾಗಿದ್ದರೂ ಡಾಕ್ಟರು ಕರೆದರೆ ಕಾಲು ತಾನಾಗಿಯೇ ಏಳುತ್ತಿತ್ತು. ಮನಸ್ಸು ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತಿತ್ತು. ಭಾನುವಾರ ಡಾಕ್ಟರು ಊರು ಬಿಡುವವರಿದ್ದರು. ಮಗಳ ಮನೆಗೆ, ಎರಡು ದಿನದ ದಾರಿ, ಇನ್ನು ವಾಪಸು ಬರುವ ಮಾತಿಲ್ಲ. ಅವರಿಗೆ ಹೇಳಬೇಕಾದ ಒಂದು ಮಾತನ್ನು ಕಾಂಪೌಂಡರ್ ಇಪ್ಪತ್ತಾರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಅವರ ಬಾಯಿಂದ ಕೇಳಬೇಕಾದ ಒಂದು ಮಾತಿಗೆ ಅದಕ್ಕೂ ಹಿಂದಿನಿಂದ ಕಾದಿದ್ದ. ಹೇಳಬೇಕಾದ್ದನ್ನು ಹೇಳದೆ ಕೇಳಬೇಕಾದ್ದು ಸಿಕ್ಕರೆ ಅದು ಕದ್ದ ಮಾಲು. ಹೇಳಿಬಿಟ್ಟರೆ ಸಿಗುವ ಆಸೆಯೇ ಇಲ್ಲ. ಉಳಿದದ್ದು ಐದು ದಿನ.

ಡಾಕ್ಟರ ಹಜಾರದ ತುಂಬ ರಟ್ಟಿನ ಪೆಟ್ಟಿಗೆಗಳು. ಗೋಡೆಯಿಂದ ಪಟ ತೆಗೆದ ಕಡೆಯೆಲ್ಲ ಸುಣ್ಣ ಹೊಸದರಂತೆ ಚೌಕ ಚೌಕವಾಗಿ ಬೆಳ್ಳಗೆ ಉಳಿದಿತ್ತು. ಎಂಬತ್ತನಾಲ್ಕು ವರ್ಷದ ಡಾಕ್ಟರು, ಸಾಗಿಸಲು ಮರೆತು ಬಿಟ್ಟ ಸಾಮಾನಿನ ಹಾಗೆ, ನಡುವೆ ಒಂದೇ ಒಂದು ಕುರ್ಚಿಯಲ್ಲಿ ಕೂತಿದ್ದರು. "ಬಂದೆಯಾ. ಬಾಗಿಲು ಹಾಕು. ಮಗಳಿಗೆ ಕೇಳಿಸಬಾರದು" ಅಂದರು. ಅವರಿಗೆ ಕಿವಿ ಮಂದವಾದ ಮೇಲೆ ಗುಟ್ಟುಗಳೆಲ್ಲ ಬೀದಿಗೆ ಕೇಳುವಷ್ಟು ಗಟ್ಟಿಯಾಗಿದ್ದವು. "ಕೇಳಿಸ್ತಾ ಇದೆ ಅಪ್ಪ" ಎಂದು ಒಳಗಿನಿಂದ ಮಗಳು ಅಂದಳು. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. "ಮದುವೆಯಾದ ಹೊಸದರಲ್ಲಿ ನಾನೂ ಅವಳೂ ಒಂದು ಸಮುದ್ರದ ಊರಿಗೆ ಹೋಗಿದ್ವಿ. ಹೋಟೆಲಿನ ಜಗಲಿಯಲ್ಲಿ ಏನೋ ಒಂದು ಕುಡಿದ್ವಿ. ಒಂದೇ ಗ್ಲಾಸು, ನಾನು ಅರ್ಧ, ಅವಳು ಅರ್ಧ. ಪಿನ್ಯಾ ಕೊಲಾಡ ಅಂತ." ಕಾಂಪೌಂಡರ್ ಬಗ್ಗಿ, "ಯಾವುದಕ್ಕೆ ಔಷಧ ಸಾರ್ ಅದು?" ಎಂದು ಕೇಳಿದ. "ಔಷಧ ಅಲ್ಲವೋ. ರಮ್ಮು. ಅನಾನಸು, ತೆಂಗಿನಹಾಲು, ರಮ್ಮು. ಅಲ್ಲಿ ಮಗಳ ಮನೆಯಲ್ಲಿ ಉಪ್ಪಿಲ್ಲ, ಸಕ್ಕರೆಯಿಲ್ಲ. ಇದನ್ನ ಹೆಸರು ಎತ್ತೋ ಹಾಗೂ ಇಲ್ಲ. ಹೋಗೋ ಮುಂಚೆ ಒಂದು ಸಲ ಕುಡೀಬೇಕು. ನೀನು ಮಾಡು." ಹೇಳಿದವರೇ ಹಳೆಯ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು, ಮೂಲೆಯಲ್ಲಿ ತಾರೀಖು ಹಾಕಿ, ಕೈ ನಡುಗುತ್ತಿದ್ದರೂ ಹಳೆಯ ಗತ್ತಿನಲ್ಲಿ ಚೀಟಿ ಬರೆದರು. ಹೋಟೆಲಿನವನನ್ನು ಕೇಳಿ ತಿಳಿದುಕೊಂಡ ಅಳತೆ ಐವತ್ತೆಂಟು ವರ್ಷದಿಂದ ಅವರ ತಲೆಯಲ್ಲಿ ಇತ್ತಂತೆ. ಊರಿನಲ್ಲಿ ಆ ಅಕ್ಷರ ಓದಬಲ್ಲವನು ಕಾಂಪೌಂಡರ್ ಒಬ್ಬನೇ. ಅವನು ಒಂದೇ ನೋಟಕ್ಕೆ ಓದಿದ. ಎದೆ ಸ್ವಲ್ಪ ಉಬ್ಬಿತು, ಉಬ್ಬಿದ್ದಕ್ಕೆ ನಾಚಿಕೆಯೂ ಆಯಿತು. "ಹಾಗೇ ಆಗಲಿ ಸಾರ್" ಅಂದ. ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೆ ಬಂದು, ಪೆಟ್ಟಿಗೆಗಳನ್ನು ನೋಡಿ ಹಿಂದಕ್ಕೆ ಹೋಯಿತು.

ದವಾಖಾನೆಯಲ್ಲಿ ಅವನು ಮೂವತ್ತೊಂದು ವರ್ಷ ಕಿಟಕಿಯ ಹಿಂದೆ ನಿಂತು ಮಿಕ್ಸ್ಚರು ಮಾಡಿದ್ದ. ಡಾಕ್ಟರು ಮನಸ್ಸು ಬಂದಾಗ ಸಾಲಿನಿಂದ ಒಂದು ಸೀಸೆ ಎತ್ತಿ, ಬೆಳಕಿಗೆ ಹಿಡಿದು, ಅಲುಗಾಡಿಸಿ ನೋಡುತ್ತಿದ್ದರು. ತಪ್ಪಿದ್ದರೆ "ಏನಿದು?" ಅನ್ನುತ್ತಿದ್ದರು. ತಪ್ಪಿಲ್ಲದಿದ್ದರೆ ಏನೂ ಅನ್ನದೆ ಇಟ್ಟು ಹೋಗುತ್ತಿದ್ದರು. ಚೆನ್ನಾಗಿ ಮಾಡಿದ್ದೀಯ ಎಂದು ಒಂದು ದಿನ, ಒಂದೇ ಒಂದು ದಿನ, ಬಾಯಿ ತಪ್ಪಿಯೂ ಅಂದವರಲ್ಲ. ರೋಗಿಗಳು ಗುಣವಾಗಿ ಬಂದರೆ ಡಾಕ್ಟರ ಕೈಗುಣ ಅನ್ನುತ್ತಿದ್ದರು. ಆಗೆಲ್ಲ ಕಾಂಪೌಂಡರ್ ಕಿಟಕಿಯ ಹಿಂದೆ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದ. ಉಗುರಿನ ಸಂದಿಗಳಲ್ಲಿ ಮಿಕ್ಸ್ಚರಿನ ಕೆಂಪು ಬಣ್ಣ ಇರುತ್ತಿತ್ತು, ಗುಣ ಇತ್ತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಈ ಯೋಚನೆಯಲ್ಲೇ ಬುಧವಾರ ಹನ್ನೊಂದಕ್ಕೆ ಅವನು ಹುಟ್ಟಿದ ಮೇಲೆ ಮೊದಲ ಬಾರಿಗೆ ಹೆಂಡದಂಗಡಿಯ ಮುಂದೆ ನಿಂತ. ಅಲ್ಲಿಯೂ ಒಂದು ಕಿಟಕಿ, ಕಿಟಕಿಗೆ ಸರಳು, ಒಳಗೆ ಸಾಲಾಗಿ ಸೀಸೆಗಳು. ಆ ಕಿಟಕಿ ನೋಡಿದ್ದೇ ಏನು ಮಾಡುತ್ತಿದ್ದೇನೆಂಬ ಪರಿವೆ ತಪ್ಪಿ ಚೀಟಿಯನ್ನು ಸರಳಿನೊಳಕ್ಕೆ ತೂರಿಸಿದ. ಅಂಗಡಿಯವನು ಅದನ್ನು ಮೇಲೆ ಕೆಳಗೆ ಮಾಡಿ, "ತಾತ, ಔಷಧಿ ಅಂಗಡಿ ರಸ್ತೆಯ ಆ ಕಡೆ" ಅಂದ.

"ಇದೇ ಬೇಕಾಗಿರೋದು. ರಮ್ಮು."

"ರಮ್ಮಿಗೆ ಡಾಕ್ಟರ ಚೀಟಿ ತಂದಿರೋರನ್ನ ಇದೇ ಮೊದಲು ನೋಡಿದ್ದು. ಕರಿದೋ ಬಿಳಿದೋ?"

ಚೀಟಿಯಲ್ಲಿ ಅದು ಬರೆದಿರಲಿಲ್ಲ. ಬರೆಯದಿದ್ದದ್ದನ್ನು ತನ್ನ ಬುದ್ಧಿಯಿಂದ ಹಾಕಿ ಅವನಿಗೆ ಅಭ್ಯಾಸವಿಲ್ಲ. ಸರಳು ಹಿಡಿದುಕೊಂಡು ಯೋಚಿಸುತ್ತ ನಿಂತ. ಹಿಂದಿನವರು ಕೆಮ್ಮಿದರು. "ಬಿಳಿದು" ಅಂದ ಕೊನೆಗೆ, ತೆಂಗಿನಹಾಲಿಗೆ ಬಣ್ಣ ಹತ್ತದಿರಲಿ ಎಂದು. ಅಷ್ಟರಲ್ಲಿ ಹೆಗಲ ಮೇಲೆ ಕೈ ಬಿತ್ತು. "ಕಾಂಪೌಂಡರ್ ಸಾರ್, ನೀವೂನಾ?" ತಿರುಗಿದರೆ ಟೈಲರು, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡವನು ಹಾಗೇ ಬಂದಿದ್ದ. ಊರಿನ ಎಲ್ಲರನ್ನೂ ಬಿಟ್ಟು ಇವನೇ ಸಿಗಬೇಕೆ ಅಂದುಕೊಂಡ ಕಾಂಪೌಂಡರ್. "ನನಗಲ್ಲ, ಡಾಕ್ಟರಿಗೆ" ಅಂದ. ಅಂದ ಮೇಲೆ, ಆ ಸಾಲಿನಲ್ಲಿ ನಿಂತವರೆಲ್ಲ ಇಂಥದೇ ಒಂದು ಮಾತು ಹೇಳುವವರೆಂದು ಹೊಳೆಯಿತು. ಟೈಲರು ನಗದೆ ತಲೆದೂಗಿದ. "ನಾನೂ ಒಳಗಿನ ಡಾಕ್ಟರಿಗೇ ತಗೊಳ್ಳೋದು ಸಾರ್" ಎಂದು ಹೊಟ್ಟೆ ತಟ್ಟಿಕೊಂಡ. ಆಮೇಲೆ ದನಿ ತಗ್ಗಿಸಿ, "ಭಾನುವಾರ ಹೋಗ್ತಾರಂತಲ್ಲ. ನಮ್ಮಮ್ಮ ಇದ್ದಿದ್ರೆ ಅತ್ತುಬಿಡೋಳು. ಡಾಕ್ಟರ ಹೆಸರು ಹೇಳದೆ ಊಟಕ್ಕೆ ಕೂರ್ತಿರಲಿಲ್ಲ ಅವಳು" ಅಂದ. ಕಾಂಪೌಂಡರ್ ರಮ್ಮಿನ ಅರ್ಧ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಚಿಲ್ಲರೆ ತೆಗೆದುಕೊಳ್ಳದೆ ಹೊರಟುಬಿಟ್ಟ.

ಇಪ್ಪತ್ತಾರು ವರ್ಷದ ಹಿಂದಿನ ಮಾತು, ಟೈಲರನ ತಾಯಿಗೆ ಹೊಟ್ಟೆನೋವು. ಎರಡು ತಿಂಗಳಿನಿಂದ ಬಿಡದೆ ಹಿಂಡುತ್ತಿತ್ತು. ಡಾಕ್ಟರು ತುಂಬ ಹೊತ್ತು ನೋಡಿ ಚೀಟಿ ಬರೆದಿದ್ದರು. ಕಾಂಪೌಂಡರ್ ಮೇಲಿನ ಹಲಗೆಯ ಕಂದು ಜಾಡಿಯಿಂದ ಪುಡಿ ತೂಗಿ ಕಾಗದದಲ್ಲಿ ಮಡಿಸಿ ತಕ್ಕಡಿಯ ಪಕ್ಕ ಇಟ್ಟ. ಸೀಸೆಗೆ ಸಕ್ಕರೆ ಪಾಕ ಹಾಕಿದ, ಪುದೀನ ನೀರು ಹಾಕಿದ, ಕೆಂಪು ಬಣ್ಣ ಹಾಕಿದ. ಅಷ್ಟರಲ್ಲಿ ಯಾರೋ ಒಬ್ಬರು ಕಿಟಕಿಯಲ್ಲಿ ಮಗುವಿನ ಬಾಯಿಗೆ ಚಮಚ ಹೇಗೆ ಹಿಡಿಯಬೇಕೆಂದು ಕೇಳಿದರು, ಅವನು ತೋರಿಸಿಕೊಟ್ಟ, ವಾಪಸು ಬಂದು ಬಿರಡೆ ಹಾಕಿ ಸೀಸೆ ಕೊಟ್ಟು ಕಳಿಸಿದ. ಸಂಜೆ ಮೇಜು ಒರೆಸುವಾಗ ಕಾಗದದ ಮಡಿಕೆ ಸಿಕ್ಕಿತು. ಬಿಚ್ಚಿದರೆ ಪುಡಿ ಹಾಗೇ ಇತ್ತು. ಆಗಲೇ ಓಡಿಹೋಗಬಹುದಾಗಿತ್ತು, ಟೈಲರನ ಮನೆ ಎರಡು ಬೀದಿ ಆಚೆ. ಓಡಲಿಲ್ಲ. ನಾಳೆ ಹೋಗುತ್ತೇನೆ ಅಂದುಕೊಂಡ. ನಾಳೆ ಅಂದದ್ದು ನಾಡಿದ್ದಾಯಿತು. ನಾಲ್ಕನೆಯ ದಿನ ಟೈಲರನೇ ದವಾಖಾನೆಗೆ ಓಡಿಬಂದಾಗ ಮುದುಕಿ ಹೋದಳು ಎಂದುಕೊಂಡು ಕಾಂಪೌಂಡರ್ ಕಿಟಕಿಯಿಂದ ಹಿಂದಕ್ಕೆ ಸರಿದಿದ್ದ. ಟೈಲರು ಡಾಕ್ಟರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮ ಎದ್ದು ಓಡಾಡುತ್ತಿದ್ದಾಳೆ, ನೋವು ಮಾಯ ಎಂದ. ಮುದುಕಿ ಆಮೇಲೆ ಹನ್ನೆರಡು ವರ್ಷ ಬದುಕಿದಳು. ಡಾಕ್ಟರು ಆ ಕೇಸನ್ನು ಬಂದವರಿಗೆಲ್ಲ ಹೇಳಿದರು, ಬೇರೆ ಡಾಕ್ಟರುಗಳಿಗೆ ಹೇಳಿದರು, ಮಗಳ ಮದುವೆಯ ಊಟದ ಸಾಲಿನಲ್ಲಿ ನಿಂತು ಹೇಳಿದರು. ಒಂದೊಂದು ಸಲ ಹೇಳಿದಾಗಲೂ ಕಾಂಪೌಂಡರನ ಜೇಬಿನಲ್ಲಿ ಆ ಕಾಗದದ ಮಡಿಕೆ ಇದ್ದ ಹಾಗೆ ಅನಿಸುತ್ತಿತ್ತು. ಅವನು ಅದನ್ನು ಅಂದೇ ಚರಂಡಿಗೆ ಸುರಿದಿದ್ದ.

ಗುರುವಾರ ಬೆಳಿಗ್ಗೆ ಅಟ್ಟದಿಂದ ತನ್ನ ಸಾಮಾನು ಇಳಿಸಿದ. ಔಷಧ ಅರೆಯುವ ಬಿಳಿ ಪಿಂಗಾಣಿ ಕುಟ್ಟಾಣಿ, ಔನ್ಸಿನ ಗೆರೆಗಳಿದ್ದ ಅಳತೆ ಗ್ಲಾಸು, ಹನ್ನೆರಡು ಔನ್ಸಿನ ಸೀಸೆ, ಬಿರಡೆ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ಅದೇನು ಜ್ಯೂಸೋ, ಇಲ್ಲ ಯಾರಿಗಾದ್ರೂ ಭೇದಿ ನಿಲ್ಲಿಸ್ತಿದೀರೋ?" ಅವನು ಅನಾನಸನ್ನು ತುರಿದು ಬಟ್ಟೆಯಲ್ಲಿ ಹಿಂಡಿದ, ತೆಂಗಿನಕಾಯಿಯ ಮೊದಲ ಹಾಲನ್ನು ಗಟ್ಟಿಯಾಗಿ ತೆಗೆದ, ಚೀಟಿಯ ಪ್ರಕಾರ ಅಳೆದು ಸೇರಿಸಿದ, ರಮ್ಮು ಹಾಕದೆ ಮೊದಲು ಹಾಗೇ ಇಟ್ಟು ನೋಡಿದ. ಕಾಲು ಗಂಟೆಯಲ್ಲಿ ಹಾಲು ಮೇಲೆ ಬಂದು ಕೂತಿತು, ಕೆಳಗೆ ಹಳದಿ ನೀರು ನಿಂತಿತು. ಇದನ್ನು ಮಾಡಿದ ಕೂಡಲೇ ಐಸು ಹಾಕಿ ಕುಡಿಯುತ್ತಾರೆ, ಒಡೆಯುವಷ್ಟು ಹೊತ್ತು ಯಾರೂ ಕಾಯುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನ ಪಾಲಿಗೆ ದ್ರವವೆಂದರೆ ಸೀಸೆಯಲ್ಲಿ ಮೂರು ದಿನ ಇರಬೇಕಾದದ್ದು, ಆರು ಡೋಸಿಗೂ ಒಂದೇ ಹದ ಇರಬೇಕಾದದ್ದು. ಒಡೆದ ಮಿಕ್ಸ್ಚರು ಕಾಂಪೌಂಡರನ ಮುಖಕ್ಕೆ ಮಸಿ. ಎಣ್ಣೆಯ ಔಷಧಗಳನ್ನು ನೀರಿನಲ್ಲಿ ನಿಲ್ಲಿಸಲು ಗೋಂದಿನ ಪುಡಿ ಹಾಕಿ ಅರೆಯುತ್ತಿದ್ದದ್ದು ನೆನಪಾಯಿತು. ನಾಲ್ಕು ಎಣ್ಣೆಗೆ ಎರಡು ನೀರು, ಒಂದು ಗೋಂದು. ಪೇಟೆಗೆ ಹೋಗಿ ಗೋಂದು ತಂದ. ಅರೆಯುವ ಆತುರದಲ್ಲಿ ರಮ್ಮನ್ನು ಮೊದಲೇ ಸುರಿದ. ಗೋಂದು ಕಂಡಾಪಟ್ಟೆ ಎಳೆ ಎಳೆಯಾಗಿ ಕುಟ್ಟಾಣಿಗೆ ಅಂಟಿಕೊಂಡಿತು. "ಮದ್ಯ ಕೊನೆಗೆ, ಹನಿ ಹನಿಯಾಗಿ" ಎಂದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕಲಿತದ್ದನ್ನು ಅರುವತ್ತೇಳರಲ್ಲಿ ಮರೆತಿದ್ದ. ತನ್ನ ತಲೆಗೆ ತಾನೇ ಒಂದು ಮೊಟಕಿಕೊಂಡು ಎಲ್ಲವನ್ನೂ ಚೆಲ್ಲಿ ಮತ್ತೆ ಶುರುಮಾಡಿದ. ಈ ಸಲ ಒಂದೇ ದಿಕ್ಕಿಗೆ ತಿರುಗಿಸಿ ತಿರುಗಿಸಿ ಅರೆದಾಗ, ಹಾಲು ಬೆಣ್ಣೆಯ ಹಾಗೆ ಗಟ್ಟಿಯಾಗಿ ಚಟಪಟ ಸದ್ದು ಕೊಟ್ಟಿತು. ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು. ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದದ್ದರಿಂದ ಅದನ್ನು ಯಾರಿಗೂ ವಿವರಿಸಬೇಕಾಗಲಿಲ್ಲ.

ಸೀಸೆ ತುಂಬಿತು. ಒಡೆಯದೆ, ಒಂದೇ ಬಣ್ಣದಲ್ಲಿ ನಿಂತಿತು. ಕಾಗದದ ಪಟ್ಟಿಯನ್ನು ಮಡಿಸಿ ಅಂಚು ಕತ್ತರಿಸಿ ಆರು ಡೋಸಿನ ಗುರುತು ಮಾಡಿ ಸೀಸೆಯ ಪಕ್ಕಕ್ಕೆ ಅಂಟಿಸಿದ. ಈಗ ರುಚಿ ನೋಡಬೇಕಿತ್ತು. ಅದು ಅವನಿಂದ ಆಗದ ಕೆಲಸ. ಕೆಲಸಕ್ಕೆ ಸೇರಿದ ಮೊದಲ ದಿನ ಬೆರಳಿಗೆ ಹತ್ತಿದ ಪುದೀನ ಪಾಕವನ್ನು ನೆಕ್ಕಿದ್ದನ್ನು ಡಾಕ್ಟರು ನೋಡಿದ್ದರು. "ನಾಲಿಗೆ ಇರೋದು ರೋಗಿಗೆ. ನಿನಗೆ ಇರೋದು ಅಳತೆ" ಅಂದಿದ್ದರು. ಅಂದಿನಿಂದ ತನ್ನ ಕೈಯಿಂದ ಮಾಡಿದ ಯಾವುದನ್ನೂ ಅವನು ಬಾಯಿಗೆ ಇಟ್ಟವನಲ್ಲ. ಹೆಂಡತಿ ಊರಲ್ಲಿಲ್ಲದಾಗ ತಾನು ಮಾಡಿದ ಅನ್ನವನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಟೆಲಿಗೆ ಹೋಗುತ್ತಿದ್ದ. "ಒಂದು ಡೋಸು ತಗೊಂಡು ಹೇಗಿದೆ ಹೇಳು" ಎಂದು ಹೆಂಡತಿಯ ಮುಂದೆ ಗ್ಲಾಸು ಹಿಡಿದ. ಅವಳು ಮೂಗು ಮುರಿದಳು, ಬೈದಳು, ಒಂದೇ ಗುಟುಕಿಗೆ ಕುಡಿದಳು. ಅವನು ಪುಸ್ತಕ ತೆರೆದು ಬರೆದುಕೊಂಡ. ಹನ್ನೊಂದೂ ಹತ್ತು: ಸಿಹಿ, ಮೂಗಿಗೆ ಏರುತ್ತದೆ. ಕಾಲು ಗಂಟೆ ಬಿಟ್ಟು ಎರಡನೆಯದು ಕೊಟ್ಟ. ಹನ್ನೊಂದೂ ಇಪ್ಪತ್ತೈದು: ದವಾಖಾನೆಯ ವಾಸನೆ ಇದೆ, ಆದರೂ ಪರವಾಗಿಲ್ಲ. ಮೂರನೆಯದನ್ನು ಅವಳೇ ಕೇಳಿ ತೆಗೆದುಕೊಂಡಳು, "ಸರಿಯಾಗಿ ಹೇಳ್ಬೇಕು ಅಂದ್ರೆ ಸರಿಯಾಗಿ ಕುಡೀಬೇಕಲ್ಲ" ಎಂದು. ನಾಲ್ಕನೆಯದಕ್ಕೆ ಅವಳು ಫ್ರಿಜ್ಜಿಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ರುಚಿ ಹೇಗಿದೆ ಅಂತ ಕೇಳಿದೆ."

"ರುಚಿ ಬಿಡಿ. ಬನ್ನಿ ಕೂತ್ಕೊಳ್ಳಿ. ಆ ಪುಡಿ ವಿಷಯ ಡಾಕ್ಟರಿಗೆ ಯಾವಾಗ ಹೇಳ್ತೀರಿ?"

ಅವನ ಕೈಯಿಂದ ಪೆನ್ಸಿಲು ಬಿತ್ತು. "ಯಾವ ಪುಡಿ?"

"ನಿದ್ದೇಲಿ ಪುಡಿ ಪುಡಿ ಅಂತ ನರಳ್ತೀರಿ. ಟೈಲರನ ಅಮ್ಮ ಅಂತೀರಿ, ಮಡಿಕೆ ಅಂತೀರಿ. ಶುರುವಿನಲ್ಲಿ ಎರಡು ವರ್ಷ ನಾನು ಅದು ಯಾವುದೋ ಹೆಂಗಸಿನ ಅಡ್ಡಹೆಸರು ಅಂದ್ಕೊಂಡು ನಿಮ್ಮ ಜೇಬು ಹುಡುಕ್ತಿದ್ದೆ." ಅವಳು ನಕ್ಕಳು, ನಗು ನಿಲ್ಲದೆ ಬಾಯಿಗೆ ಸೆರಗು ಒತ್ತಿಕೊಂಡಳು. "ಆಮೇಲೆ ತುಂಡು ತುಂಡು ಸೇರಿಸಿಕೊಂಡೆ. ನೀವೇ ಹೇಳ್ತೀರಿ ಅಂತ ಕಾದೆ. ಇಪ್ಪತ್ತಾರು ವರ್ಷ ರೀ. ನನ್ನ ಹತ್ರಾನೂ ಹೇಳದೆ ಇರೋ ಅಷ್ಟು ದೊಡ್ಡ ಮನುಷ್ಯರು." ಅದನ್ನು ಹೇಳುವಾಗ ಅವಳ ನಗು ನಿಂತಿತ್ತು. ಕಾಂಪೌಂಡರ್ ಅವಳ ಪಕ್ಕ ನೆಲದ ಮೇಲೆ ಕೂತ. ಒಂದು ಮನೆಯಲ್ಲಿ ಎರಡು ಜನ ಒಂದೇ ಗುಟ್ಟನ್ನು ಬೇರೆ ಬೇರೆ ಕಾಯುತ್ತ ಕೂತಿದ್ದು ಅವನಿಗೆ ವಿಚಿತ್ರವಾಗಿ ಕಂಡಿತು. "ನೀವು ಹೇಳದಿದ್ರೆ ನಾನೇ ಹೋಗಿ ಹೇಳ್ತೀನಿ, ಈಗಲೇ ಹೋಗ್ತೀನಿ" ಎಂದು ಅವಳು ಏಳಲು ನೋಡಿದಳು, ಆಗಲಿಲ್ಲ, ಅವನ ಭುಜಕ್ಕೆ ತಲೆಯಿಟ್ಟು ಅಲ್ಲೇ ನಿದ್ದೆ ಹೋದಳು. ಸೀಸೆಯಲ್ಲಿ ಎರಡು ಡೋಸು ಉಳಿದಿತ್ತು. ಬಿಚ್ಚಿದ ಸೀಸೆ ರೋಗಿಗೆ ಕೊಡುವಂಥದ್ದಲ್ಲ. ಅವಳು ಎದ್ದ ಮೇಲೆ ಅದನ್ನು ಚೆಲ್ಲಿ, ಕೊನೆಯ ರಮ್ಮಿನಿಂದ ಇನ್ನೊಂದು ಸೀಸೆ ಮಾಡಿಟ್ಟ.

ಶುಕ್ರವಾರ ಸಂಜೆ ಐದಕ್ಕೆ ಡಾಕ್ಟರು ಆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಡೋಸಿನ ಪಟ್ಟಿ ನೋಡಿದರು, 'ಚೆನ್ನಾಗಿ ಅಲುಗಾಡಿಸಿ ಕುಡಿಯತಕ್ಕದ್ದು' ಎಂಬ ಚೀಟಿ ನೋಡಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಐಸು ತರುತ್ತೇನೆಂದು ಒಳಗೆ ಹೋದಳು. ಡಾಕ್ಟರು ಅಲುಗಾಡಿಸಿದರು, ಒಡೆದಿರಲಿಲ್ಲ. ಮೊದಲ ಡೋಸನ್ನು ಐಸಿನ ಮೇಲೆ ಸುರಿಸಿಕೊಂಡು ಕಣ್ಣು ಮುಚ್ಚಿ ಕುಡಿದರು. ಕಾಂಪೌಂಡರ್ ರಟ್ಟಿನ ಪೆಟ್ಟಿಗೆಯೊಂದರ ತುದಿಯಲ್ಲಿ ಕೂತು, ಅವರ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬರುವುದನ್ನು ನೋಡಿದ. ಕಣ್ಣು ತೆರೆದರು. ಏನೂ ಅನ್ನಲಿಲ್ಲ. ಚೀಟಿಯ ಪ್ರಕಾರ ಎರಡನೆಯ ಡೋಸಿಗೆ ಮೂರು ಗಂಟೆ ಕಾಯಬೇಕಿತ್ತು. ಮೂರು ನಿಮಿಷವೂ ಕಾಯದೆ ಗ್ಲಾಸು ಮುಂದೆ ಹಿಡಿದರು. ಅದನ್ನೂ ಕುಡಿದು, ಮುಖಕ್ಕೆ ಬಣ್ಣ ಬಂದು, ಮಗಳ ಕಡೆ ತಿರುಗಿ, "ನಿನಗೆ ಟೈಲರನ ತಾಯಿ ಕೇಸು ಹೇಳಿದೀನಾ?" ಅಂದರು. "ಹೇಳಿದೀರಿ ಅಪ್ಪ" ಅಂದಳು ಮಗಳು. ಅವರು ಹೇಳತೊಡಗಿದರು. ಎರಡು ತಿಂಗಳ ನೋವು, ಬೇರೆ ಡಾಕ್ಟರು ಕೈಬಿಟ್ಟದ್ದು, ತಾವು ಹುಡುಕಿ ಬರೆದ ಪುಡಿ, ನಾಲ್ಕೇ ದಿನ. ನಾಲ್ಕೇ ದಿನ ಎನ್ನುವಾಗ ಯಾವಾಗಲೂ ಎತ್ತುವ ನಾಲ್ಕು ಬೆರಳು ಎತ್ತಿದರು. ಕಾಂಪೌಂಡರನಿಗೆ ಅದನ್ನು ನೋಡಲಾಗಲಿಲ್ಲ. "ಸಾರ್, ಆ ಸೀಸೆಗೆ ನಾನು ಪುಡಿ ಹಾಕಿರಲಿಲ್ಲ" ಎಂಬ ಮಾತು ಯಾರದೋ ದನಿಯಲ್ಲಿ ಹೊರಗೆ ಬಂತು.

"ಏನಂದೆ?"

ಕಿವಿ ಮಂದವಾದವರ ಮುಂದೆ ತಪ್ಪೊಪ್ಪಿಗೆಯನ್ನೂ ಎರಡು ಸಲ ಮಾಡಬೇಕಾಗುತ್ತದೆ. ಎರಡನೆಯ ಸಲ ಅವನು ಗಟ್ಟಿಯಾಗಿ, ಬಿಡಿಬಿಡಿಯಾಗಿ ಹೇಳಿದ. "ಮರೆತೆ ಸಾರ್. ಬರೀ ಪಾಕ, ಪುದೀನ ನೀರು, ಬಣ್ಣ. ಪುಡಿ ಕಾಗದದಲ್ಲೇ ಉಳಿದಿತ್ತು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ." ಡಾಕ್ಟರು ಎತ್ತಿದ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಬೈಗುಳಕ್ಕೆ ಅವನು ತಯಾರಾಗಿದ್ದ; ಬಂದದ್ದು 'ಏಕೆ ಮರೆತೆ' ಎಂಬುದಲ್ಲ. "ಹಾಗಾದ್ರೆ ಅವಳನ್ನ ವಾಸಿ ಮಾಡಿದ್ದು ನೀನು ಅಂತೀಯಾ?" ಅಂದರು. "ಇಲ್ಲ ಸಾರ್, ಅಯ್ಯೋ, ಹಾಗಲ್ಲ." "ಮತ್ತೆ ಯಾರು? ಸಕ್ಕರೆ ಪಾಕವಾ? ಸಕ್ಕರೆ ಪಾಕಕ್ಕೆ ನಾನು ಅಷ್ಟು ವರ್ಷ ಓದಿದ್ದಾ?" ಮಗಳು, "ಅಪ್ಪ, ಬಿ.ಪಿ." ಅಂದಳು. "ಬಿ.ಪಿ.ಗೂ ಇವನೇ ಔಷಧ ಕೊಡ್ತಾನೆ ಬಿಡು, ಔಷಧ ಹಾಕದೆ." ಅವರು ಸೀಸೆಯನ್ನು ಮಡಿಲಿಗೆ ಎಳೆದುಕೊಂಡು ಮುಖವನ್ನು ಬರಿಗೋಡೆಯ ಕಡೆ ತಿರುಗಿಸಿದರು. "ಹೋಗು ನೀನು" ಅಂದರು. ಅವನು ಕೈಮುಗಿದು ಹೊರಗೆ ಬಂದ. ಗೇಟಿನ ಹತ್ತಿರ ಒಂದು ಕ್ಷಣ ಹಗುರವಾದ ಹಾಗೆ ಅನಿಸಿತು, ಆದರೆ ಅದು ಹಲ್ಲು ಕೀಳಿಸಿಕೊಂಡ ಮೇಲೆ ಆಗುವ ಹಗುರ. ನಾಲಿಗೆ ಮತ್ತೆ ಮತ್ತೆ ಆ ಸಂದಿಗೇ ಹೋಗುತ್ತಿತ್ತು. ಶನಿವಾರ ಇಡೀ ದಿನ ಫೋನಿನ ಪಕ್ಕ ಕೂತು ಉಳಿದ ಕಾಲಿನ ಉಗುರು ಕತ್ತರಿಸಿದ. ಹೆಂಡತಿ, "ಹೇಳಿದ್ರಲ್ಲ, ಮುಗೀತು, ಊಟಕ್ಕೆ ಏಳಿ" ಅಂದಳು. ಮುಗಿದಿರಲಿಲ್ಲ. ಅವರ ಮುಪ್ಪಿಗೆ ಉಳಿದಿದ್ದ ಒಂದು ಹೆಮ್ಮೆಯನ್ನು, ತನ್ನ ಹೊರೆ ಇಳಿಸಿಕೊಳ್ಳಲೆಂದು, ಕಿತ್ತುಕೊಂಡು ಬಂದಿದ್ದ. ಭಾನುವಾರದ ಮೊದಲು ಅದನ್ನು ವಾಪಸು ಕೊಡುವುದು ಹೇಗೆ?

ಭಾನುವಾರ ಏಳೂವರೆಗೆ ಡಾಕ್ಟರ ಮಗಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಆ ಸೀಸೆ, ಖಾಲಿ, ತೊಳೆದು ಒರೆಸಿದ್ದು. ದವಾಖಾನೆಯ ಕಾಲದಲ್ಲಿ ತೊಳೆದ ಸೀಸೆ ಕಿಟಕಿಗೆ ಬಂತೆಂದರೆ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಅದೇ ಔಷಧ ಇನ್ನೊಮ್ಮೆ ಬೇಕು ಎಂದರ್ಥ. "ನಿನ್ನೆ ಸಂಜೆಗೆ ಆರೂ ಡೋಸು ಮುಗಿಸಿದ್ರು ಅಂಕಲ್. ಎರಡು ರಾತ್ರಿಯಿಂದ ನಿದ್ದೆ ಮಾಡಿಲ್ಲ, ಹೇಗೆ ವಾಸಿ ಆಯ್ತು ಹೇಗೆ ವಾಸಿ ಆಯ್ತು ಅಂತ ಗೊಣಗ್ತಾರೆ. ಹತ್ತಕ್ಕೆ ಹೊರಡ್ತೀವಿ. ಇದನ್ನ ನಿಮಗೆ ಕೊಡು ಅಂದ್ರು. ಏನು ಬರೆದಿದಾರೋ, ನನಗಂತೂ ಓದೋಕೆ ಬರಲಿಲ್ಲ." ಕಾಂಪೌಂಡರ್ ಚೀಟಿ ಬಿಚ್ಚಿದ. 'ಇದೇ ಮತ್ತೊಮ್ಮೆ. ಮುಖ್ಯವಾದದ್ದನ್ನು ಹಾಕಲು ಮರೆಯತಕ್ಕದ್ದಲ್ಲ.' ಅವನು ಎರಡು ಸಲ ಓದಿದ. "ಅಳತೆ ಬರೆದಿದಾರೆ, ಅಷ್ಟೇ" ಎಂದು ಮಗಳಿಗೆ ಹೇಳಿ ಕಳಿಸಿ, ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕ. ಹೆಂಡತಿ ಗಾಬರಿಯಾಗಿ ಬಂದಳು. ನಗು ನಿಂತ ಮೇಲೆ ರಮ್ಮಿಲ್ಲ ಎಂಬುದು ನೆನಪಾಯಿತು. ಹೆಂಡದಂಗಡಿ ತೆರೆಯುವುದು ಹತ್ತೂವರೆಗೆ.

ಟೈಲರು ಅಂಗಡಿಯ ಹಿಂದಿನ ಕೋಣೆಯಲ್ಲಿ ಹಲ್ಲುಜ್ಜುತ್ತಿದ್ದ. ಅಳತೆ ಗ್ಲಾಸು ಹಿಡಿದು ನಿಂತ ಕಾಂಪೌಂಡರನನ್ನು ನೋಡಿ, ಬಾಯಿ ಮುಕ್ಕಳಿಸಿ, ಒಂದೂ ಪ್ರಶ್ನೆ ಕೇಳದೆ ಬಟ್ಟೆಯ ತುಂಡುಗಳ ಹಿಂದಿನಿಂದ ಬಾಟಲಿ ತೆಗೆದ. "ನಾಲ್ಕು ಔನ್ಸು ಸಾಕು" ಅಂದ ಕಾಂಪೌಂಡರ್. "ಡಾಕ್ಟರಿಗಾದ್ರೆ ಪೂರಾ ಒಯ್ಯಿರಿ ಸಾರ್. ನಮ್ಮಮ್ಮನ ಜೀವ ಉಳಿಸಿದೋರು." ಈ ಮಾತು ಕೇಳಿಯೂ ಸುಮ್ಮನಿದ್ದರೆ ಶುಕ್ರವಾರ ಹೇಳಿದ್ದೆಲ್ಲ ಅರ್ಧಂಬರ್ಧ ಎಂದು ಕಾಂಪೌಂಡರನಿಗೆ ಅನಿಸಿತು. ನಿಜವಾಗಿ ಹೇಳಬೇಕಾಗಿದ್ದದ್ದು ಇವನಿಗಲ್ಲವೆ? ನಿಂತಲ್ಲೇ ಹೇಳಿದ. ಟೈಲರು ರಮ್ಮು ಸುರಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ.

"ಅಷ್ಟೇನಾ?"

"ಅಷ್ಟೇ ಅಂದ್ರೆ? ಸತ್ತೇ ಹೋಗಬಹುದಿತ್ತು ನಿನ್ನ ತಾಯಿ."

"ಸಾರ್, ಅಮ್ಮ ಅದನ್ನ ಕುಡಿಯಲೇ ಇಲ್ಲ. ಆ ಪುದೀನ ವಾಸನೆ ಅವಳಿಗೆ ಆಗ್ತಿರಲಿಲ್ಲ. ಹೊತ್ತು ಹೊತ್ತಿಗೆ ಸರಿಯಾಗಿ ಕಿಟಕಿಯಿಂದ ಆಚೆ ಚೆಲ್ಲಿದಳು. ಗೋಡೆಯ ಕೆಂಪು ಕಲೆ ನೋಡಿ ಆಮೇಲೆ ನಾನೇ ಹಿಡಿದೆ."

ಕಾಂಪೌಂಡರ್ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತುಬಿಟ್ಟ. ಇಪ್ಪತ್ತಾರು ವರ್ಷ ಅವನ ನಿದ್ದೆ ತಿಂದದ್ದು ಒಂದು ಗೋಡೆ ಕುಡಿದ ಔಷಧ. "ಮತ್ತೆ ಡಾಕ್ಟರ ಹೆಸರು ಹೇಳದೆ ಊಟಕ್ಕೆ ಕೂರ್ತಿರಲಿಲ್ಲ ಅಂದೆಯಲ್ಲ?" ಟೈಲರು ಅವನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. "ಔಷಧ ಕುಡಿಯದೇ ಇದ್ರೂ ವಾಸಿ ಮಾಡ್ತಾರೆ ಅಂದ್ರೆ ಅವರು ಎಷ್ಟು ದೊಡ್ಡ ಡಾಕ್ಟರಿರಬೇಕು ಸಾರ್? ಅಮ್ಮ ಹೇಳೋಳು, ಅವತ್ತು ಅವರು ಮಣಿಕಟ್ಟು ಹಿಡಿದು ಬಿಡಲೇ ಇಲ್ಲವಂತೆ, ಅಷ್ಟು ಹೊತ್ತು. ಅಪ್ಪ ಹೋದಮೇಲೆ ಅವಳ ಕೈಯನ್ನ ಅಷ್ಟು ಹೊತ್ತು ಯಾರು ಹಿಡಿದಿದ್ರು? ನಾನಂತೂ ಹಿಡೀಲಿಲ್ಲ, ನನಗೆ ಬ್ಲೌಸು ಹೊಲಿಯೋದೇ ಆಗಿತ್ತು. ಮನೆಗೆ ಬರೋ ದಾರಿಯಲ್ಲೇ ಅರ್ಧ ನೋವು ಇಳೀತು ಅಂತಿದ್ದಳು." ಹೇಳುತ್ತ ಅವನು ಗ್ಲಾಸನ್ನು ನಾಲ್ಕನೆಯ ಗೆರೆ ದಾಟಿಸಿ ತುಂಬಿದ. ಕಾಂಪೌಂಡರ್ ಅಲ್ಲೇ ಬಗ್ಗಿ ಹೆಚ್ಚಾದದ್ದನ್ನು ಬಾಟಲಿಗೆ ವಾಪಸು ಸುರಿದ. ಕೈ ಕೆಲಸವನ್ನು ಮರೆತಿರಲಿಲ್ಲ.

ಒಂಬತ್ತಕ್ಕೆ ಕುಟ್ಟಾಣಿ ಚಟಪಟ ಅಂದಿತು. ರಸ ಸೇರಿಸಿದ, ಕೊನೆಗೆ ರಮ್ಮನ್ನು ಹನಿ ಹನಿಯಾಗಿ ಇಳಿಸಿದ, ಹಾಕಿದ್ದೇನೆ ಎಂದು ತನಗೇ ಕೇಳುವ ಹಾಗೆ ಹೇಳಿಕೊಂಡ. ರುಚಿ ನೋಡು ಎಂದು ಹೆಂಡತಿಯನ್ನು ಕರೆದರೆ, "ಗುರುವಾರದಿಂದ ನನ್ನ ತಲೆ ನನ್ನದಲ್ಲ, ನಾಲಿಗೆ ನಿಮಗೂ ಇದೆ" ಎಂದು ಅವಳು ಒಳಗಿನಿಂದಲೇ ಅಂದಳು. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಕಿರುಬೆರಳು ಅದ್ದಿ ಬಾಯಿಗಿಟ್ಟುಕೊಂಡ. ದೊಡ್ಡದೇನೋ ಆಗುತ್ತದೆ ಅಂದುಕೊಂಡಿದ್ದ. ಸಿಹಿ, ಹಿಂದೆ ಒಂದು ಉರಿ, ಇನ್ನೂ ಹಿಂದೆ ದವಾಖಾನೆಯ ಬೀರು ತೆರೆದಾಗಿನ ವಾಸನೆ. ಇದು ತನ್ನ ಕೈಯದೇ ವಾಸನೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇನ್ನೊಂದು ಸಲ ನೆಕ್ಕಿದ. ಅನಾನಸು ಕಡಿಮೆಯಾಗಿತ್ತು. ಚೀಟಿಯನ್ನು ತೆಗೆದು ನೋಡಿದ, ಅಳತೆ ಸರಿಯಾಗಿಯೇ ಇತ್ತು, ಕಡಿಮೆಯಾಗಿದ್ದದ್ದು ಚೀಟಿಯಲ್ಲೇ. ಡಾಕ್ಟರ ಚೀಟಿಯ ಮೇಲೆ ಅರ್ಧ ಔನ್ಸು ರಸ ಹೆಚ್ಚು ಹಾಕಿದ. ಆಕಾಶವೇನೂ ಕಳಚಿ ಬೀಳಲಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಡಾಕ್ಟರು ದಿಂಬುಗಳ ನಡುವೆ ಕೂತಿದ್ದರು. ಸೀಸೆಯನ್ನು ಕಿಟಕಿಯಿಂದ ತೆಗೆದುಕೊಂಡು, ಮಗಳು ಡ್ರೈವರನಿಗೆ ದಾರಿ ಹೇಳುತ್ತಿದ್ದಾಗ ಬಿರಡೆ ಕಿತ್ತು ಒಂದು ಗುಟುಕು ಕುಡಿದರು. ಹುಬ್ಬು ಮೇಲೇರಿತು. ಇನ್ನೊಂದು ಗುಟುಕು ಕುಡಿದು, ಬಿರಡೆ ಒತ್ತಿ, ಸೀಸೆಯನ್ನು ಎರಡೂ ತೊಡೆಗಳ ನಡುವೆ ಭದ್ರ ಮಾಡಿಕೊಂಡರು. "ನೀನು ಪುಡಿ ಹಾಕಿರಲಿಲ್ಲ. ಸರಿ, ಒಪ್ಪಿದೆ" ಅಂದರು, ಬೀದಿಗೆಲ್ಲ ಕೇಳುವ ಗುಟ್ಟಿನ ದನಿಯಲ್ಲಿ. "ಹಾಗಾದ್ರೆ ಅವಳು ಹೇಗೆ ವಾಸಿಯಾದಳು? ಎರಡು ದಿನದಿಂದ ಯೋಚನೆ ಮಾಡ್ತಿದೀನಿ. ನೀನೇ ಹೇಳು." ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಕಿಟಕಿಯ ಮುಂದೆ ಸೀಸೆ ಹಿಡಿದು ನಿಲ್ಲುತ್ತಿದ್ದ ರೋಗಿಗಳ ಕಣ್ಣು ಅದು. ಇದು ಕುಡಿದರೆ ಸರಿಹೋಗುತ್ತದೆಯಾ ಎಂದು ಕೇಳುವಂಥದ್ದು. ಕಾಂಪೌಂಡರನ ಬಾಯಲ್ಲಿ ಗೋಡೆಯ ಕೆಂಪು ಕಲೆ ತಯಾರಾಗಿ ನಿಂತಿತ್ತು. ಅದನ್ನು ನುಂಗಿದ. "ನೀವು ಅವತ್ತು ಅವಳ ನಾಡಿಯನ್ನ ತುಂಬ ಹೊತ್ತು ಹಿಡಿದಿದ್ರಿ ಸಾರ್. ಮನೆಗೆ ಹೋಗೋ ದಾರಿಯಲ್ಲೇ ಅರ್ಧ ನೋವು ಇಳೀತಂತೆ. ಅವಳೇ ಮಗನಿಗೆ ಹೇಳಿದ್ದಂತೆ."

ಡಾಕ್ಟರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಹಿಡಿದಿದ್ದೆ. ಹೌದು, ಹಿಡಿದಿದ್ದೆ" ಅಂದರು. ಆಮೇಲೆ, "ಮೊನ್ನೆಯದಕ್ಕಿಂತ ಇದು ವಾಸಿ. ಏನು ಮಾಡಿದೆ?" ಎಂದು ಕೇಳಿದರು. "ಚೀಟಿಯಲ್ಲಿದ್ದ ಹಾಗೇ ಸಾರ್" ಅಂದ ಕಾಂಪೌಂಡರ್. ಡಾಕ್ಟರು ಅವನನ್ನು ದಿಟ್ಟಿಸಿದರು, ನಂಬಲಿಲ್ಲ, ಏನೂ ಅನ್ನಲಿಲ್ಲ. ಕಾರು ಹೊರಟಿತು. ಡಾಕ್ಟರು ಹೋದದ್ದು ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ.